‘ಡೈರೆಕ್ಟ್’ ಮಾಡಿಸುವ ಮುನ್ನ: ಥರ್ಮಲ್ ಫ್ಯೂಸ್ ಏಕೆ ಹೋಗುತ್ತದೆ, ಬದಲಿಯನ್ನು ಎಲ್ಲಿ ಹುಡುಕಬೇಕು

ಹೋದ ಮೇ ತಿಂಗಳಲ್ಲಿ ಪಕ್ಕದ ಮನೆಯ ಅಕ್ಕನವರ ಟೇಬಲ್ ಫ್ಯಾನ್ ನಿಂತುಹೋಯಿತು. ವಿಜಯಪುರದ ಮೇ ತಿಂಗಳೆಂದರೆ ಮಧ್ಯಾಹ್ನ ನಲವತ್ತು ಡಿಗ್ರಿ ದಾಟುವ ಕಾಲ. ಗಾಳಿಯಿಲ್ಲದೆ ಒಂದು ಗಳಿಗೆ ಕೂರಲಾಗದು. ರಿಪೇರಿಗೆ ಕೊಟ್ಟು ಸಂಜೆಯೇ ತಂದರು. “ಅಕ್ಕಾರೆ, ಒಳಗೆ ಒಂದು ಸಣ್ಣ ಫ್ಯೂಸ್ ಹೋಗಿತ್ತು. ಡೈರೆಕ್ಟ್ ಮಾಡಿಕೊಟ್ಟಿದ್ದೇನೆ, ಇನ್ನು ಆ ಕಿರಿಕಿರಿಯೇ ಇಲ್ಲ” ಎಂದಿದ್ದನಂತೆ ಅಂಗಡಿಯ ಹುಡುಗ. ಹನ್ನೆರಡು ದಿನ ಚೆನ್ನಾಗಿಯೇ ತಿರುಗಿತು. ಹದಿಮೂರನೆಯ ರಾತ್ರಿ ಸುಟ್ಟ ವಾಸನೆಗೆ ಮನೆಮಂದಿಯೆಲ್ಲ ಎದ್ದು ನೋಡಿದರೆ, ಮೋಟಾರಿನ ಹಿಂದಿನ ಪ್ಲಾಸ್ಟಿಕ್ ಕರಗಿ ಕಿಟಕಿಯ ಪರದೆಯ ಪಕ್ಕದಲ್ಲಿ ತೊಟ್ಟಿಕ್ಕುತ್ತಿತ್ತು. ಯಾರೋ ಪ್ಲಗ್ ಕಿತ್ತದ್ದರಿಂದ ಅಷ್ಟಕ್ಕೇ ಮುಗಿಯಿತು.

ಮರುದಿನ ನಾನು ಬಿಚ್ಚಿದೆ. ಬುಶ್ (ಶಾಫ್ಟ್ ಕೂತು ತಿರುಗುವ ಲೋಹದ ಬಳೆ) ಒಣಗಿ ಶಾಫ್ಟ್ ಹಿಡಿದುಕೊಂಡಿತ್ತು. ಮೋಟಾರು ತಿರುಗಲು ಒದ್ದಾಡಿ ಕಾಯಿಲ್ ಕಾದಿದೆ, ಕಾದಾಗ ಫ್ಯೂಸ್ ಹರಿದುಕೊಂಡು ಮೋಟಾರನ್ನು ಒಮ್ಮೆ ಉಳಿಸಿದೆ. ಹುಡುಗ ಆ ಫ್ಯೂಸನ್ನು ಕಿತ್ತು ಎರಡು ತಂತಿಗಳನ್ನು ಹೊಸೆದು ಸೇರಿಸಿದ್ದ. ಬುಶ್ ಮಾತ್ರ ಮೊದಲಿನಂತೆಯೇ ಬಿಗಿಯಾಗಿತ್ತು. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟಿದ್ದರೆ ಆ ಫ್ಯಾನ್ ಇಂದಿಗೂ ತಿರುಗುತ್ತಿತ್ತು.

ನಮ್ಮ ಕಡೆ ಈ ‘ಡೈರೆಕ್ಟ್’ ಎಂಬ ಪದಕ್ಕೆ ರಿಪೇರಿ ಎಂಬ ಅರ್ಥವೇ ಬಂದುಬಿಟ್ಟಿದೆ. ಅದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆ ಪುಟ್ಟ ವಸ್ತುವಿನ ಒಳಗೆ ಏನಿದೆ?

ಗಾಜಿನ ಫ್ಯೂಸ್ ಹೆಚ್ಚು ಕರೆಂಟ್ ಹರಿದಾಗ ಹೋಗುತ್ತದೆ. ಥರ್ಮಲ್ ಫ್ಯೂಸ್ ನೋಡುವುದು ಶಾಖವನ್ನು. ಅದರ ಸುತ್ತಲಿನ ಜಾಗ ಗೊತ್ತುಪಡಿಸಿದ ಡಿಗ್ರಿ ಮುಟ್ಟಿದರೆ ಸಂಪರ್ಕ ಕಡಿದುಕೊಳ್ಳುತ್ತದೆ, ಮತ್ತೆ ತಣ್ಣಗಾದರೂ ಕೂಡಿಕೊಳ್ಳುವುದಿಲ್ಲ. ಒಂದೇ ಸಲದ ಕಾವಲುಗಾರ.

ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಇಸ್ತ್ರಿ ಪೆಟ್ಟಿಗೆ, ರೈಸ್ ಕುಕ್ಕರ್, ರೂಮ್ ಹೀಟರ್‌ಗಳಲ್ಲಿ ಸಿಗುವುದು ಲೋಹದ ಕವಚದ್ದು. ನಮ್ಮ ಒಣದ್ರಾಕ್ಷಿಯ ಗಾತ್ರ, ಎರಡೂ ತುದಿಗೆ ತಂತಿ. ಸತ್ತದ್ದೊಂದನ್ನು ಸಣ್ಣ ಗರಗಸದಿಂದ ಸೀಳಿ ನೋಡಿದ್ದೇನೆ. ಒಳಗೆ ಪೆನ್ನಿನ ಸ್ಪ್ರಿಂಗಿಗಿಂತ ಚಿಕ್ಕದಾದ ಎರಡು ಸ್ಪ್ರಿಂಗ್, ನಕ್ಷತ್ರದಂತೆ ಅಂಚು ಕತ್ತರಿಸಿದ ಒಂದು ಬೆಳ್ಳಿಬಣ್ಣದ ಬಿಲ್ಲೆ, ತಳದಲ್ಲಿ ಮೇಣದಂಥ ಗುಳಿಗೆ. ಗುಳಿಗೆ ಗಟ್ಟಿಯಾಗಿರುವವರೆಗೆ ಸ್ಪ್ರಿಂಗ್ ಒತ್ತಿಕೊಂಡು ಕುಳಿತಿರುತ್ತದೆ. ಅದು ಕರಗಿದೊಡನೆ ಸ್ಪ್ರಿಂಗ್ ಸಡಿಲಗೊಂಡು ಬಿಲ್ಲೆಯನ್ನು ದೂಡಿ ಸಂಪರ್ಕ ತಪ್ಪಿಸುತ್ತದೆ. ಈ ಜಾತಿಯ ಕವಚಕ್ಕೇ ಕರೆಂಟ್ ಇರುತ್ತದೆ ಎಂಬುದನ್ನು ಮರೆಯಬೇಡಿ. ಬರಿಯ ಕವಚ ಉಪಕರಣದ ಲೋಹಕ್ಕೆ ತಾಗಿದರೆ ಶಾಕ್ ಖಂಡಿತ.

ಎರಡನೆಯದು ಕಡಿಮೆ ಶಾಖಕ್ಕೆ ಕರಗುವ ಮಿಶ್ರಲೋಹದ ಕಡ್ಡಿಯುಳ್ಳದ್ದು. ಕವಚ ಪಿಂಗಾಣಿಯದ್ದೋ ಪ್ಲಾಸ್ಟಿಕ್ಕಿನದ್ದೋ ಆಗಿರುತ್ತದೆ, ಗಾತ್ರವೂ ಚಿಕ್ಕದು. ಟೇಬಲ್ ಫ್ಯಾನ್, ಎಕ್ಸಾಸ್ಟ್ ಫ್ಯಾನ್, ಸಣ್ಣ ಟ್ರಾನ್ಸ್‌ಫಾರ್ಮರ್‌ಗಳ ಕಾಯಿಲ್ ನಡುವೆ ದಾರ ಸುತ್ತಿ ಹುದುಗಿಸಿರುವುದು ಇದನ್ನೇ.

ಮಿಕ್ಸರಿನ ಅಡಿಯಲ್ಲಿರುವ ಕೆಂಪು ಗುಂಡಿ ಇವೆರಡೂ ಅಲ್ಲ, ಅದು ಓವರ್‌ಲೋಡ್ ಸ್ವಿಚ್. ಶೇಂಗಾ ಹಿಂಡಿ ಕುಟ್ಟುವಾಗ ಜಾರ್ ತುಂಬ ತುಂಬಿ ಮಿಕ್ಸರ್ ನಿಂತರೆ ಗಾಬರಿಯಾಗಬೇಡಿ. ಪ್ಲಗ್ ಕಿತ್ತು, ಹದಿನೈದು ನಿಮಿಷ ಬಿಟ್ಟು, ಗುಂಡಿ ಒತ್ತಿ, ಅರ್ಧದಷ್ಟು ಹಾಕಿ ತಿರುಗಿಸಿ.

ಮೊದಲು ಯಾವುದನ್ನು ಮುಟ್ಟಬಾರದು

ಮೈಕ್ರೋವೇವ್ ಓವನ್ ಬಿಚ್ಚಬೇಡಿ. ಅದರ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಗೀಸರ್ ಕೂಡ ಬೇಡ: ನೀರು, ಕರೆಂಟ್, ಬರಿಗಾಲು ಮೂರೂ ಒಂದೇ ಕಡೆ ಸೇರುವ ಜಾಗ ಅದು. ಅದರೊಳಗಿನ ಕಟ್-ಔಟ್ ಪದೇ ಪದೇ ಬೀಳುತ್ತಿದ್ದರೆ ಎಲಿಮೆಂಟಿಗೆ ಸವಳು ಕಟ್ಟಿರಬೇಕು ಅಥವಾ ಶಾಖ ನೋಡಿ ಕರೆಂಟ್ ಕಡಿದು ಕೂಡಿಸುವ ಥರ್ಮೋಸ್ಟಾಟ್ ಕೆಟ್ಟಿರಬೇಕು ಎಂದು ಬರುವ ಮೆಕ್ಯಾನಿಕ್‌ಗೆ ಹೇಳಿ, ನೀವು ದೂರ ನಿಲ್ಲಿ. ಇಂಡಕ್ಷನ್ ಒಲೆಯೂ ಕಲಿಯುವ ಕೈಗೆ ತಕ್ಕದ್ದಲ್ಲ.

ಉಳಿದ ಇಸ್ತ್ರಿ ಪೆಟ್ಟಿಗೆ, ರೈಸ್ ಕುಕ್ಕರ್, ಟೇಬಲ್ ಫ್ಯಾನ್, ಹೇರ್ ಡ್ರೈಯರ್, ರೂಮ್ ಹೀಟರ್‌ಗಳನ್ನು ಸ್ಕ್ರೂಡ್ರೈವರ್ ಹಿಡಿಯಲು ಬಂದವರು ನೋಡಿಕೊಳ್ಳಬಹುದು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ನಿಮ್ಮ ಕಣ್ಣೆದುರಿಗೇ ಮೇಜಿನ ಮೇಲೆ ಇಟ್ಟುಕೊಳ್ಳಿ. ಕಾದಿದ್ದರೆ ಪೂರ್ತಿ ಆರಲಿ.

ಹೋದದ್ದು ಫ್ಯೂಸೇ ಎಂದು ಖಚಿತ ಮಾಡಿಕೊಳ್ಳುವುದು

ಸಾಕೆಟ್ಟಿಗೆ ಬೇರೇನಾದರೂ ಹಚ್ಚಿ ಕರೆಂಟ್ ಬರುತ್ತಿದೆಯೇ ನೋಡಿ. ನಗುವ ಮಾತಲ್ಲ, ಸಾಕೆಟ್ ಕೆಟ್ಟಿರುವಾಗ ಇಡೀ ಇಸ್ತ್ರಿ ಪೆಟ್ಟಿಗೆ ಬಿಚ್ಚಿ ಹರಡಿಕೊಂಡು ಕುಳಿತ ಭಾನುವಾರ ನನ್ನದೂ ಇದೆ. ಆಮೇಲೆ ವೈರ್. ಇಸ್ತ್ರಿ ಪೆಟ್ಟಿಗೆಯ ವೈರ್ ಹಿಡಿಕೆಯ ಬುಡದಲ್ಲಿ ಮಡಚಿ ಮಡಚಿ ಒಳಗೇ ತುಂಡಾಗುವುದೇ ಹೆಚ್ಚು.

ಇಷ್ಟರ ಮೇಲೆ ಮುಚ್ಚಳ ತೆಗೆಯಿರಿ. ತೆಗೆಯುವ ಮುನ್ನ ಮತ್ತು ತೆಗೆದ ಮೇಲೆ ಮೊಬೈಲಿನಲ್ಲಿ ಫೋಟೊ ಹಿಡಿಯಿರಿ, ಯಾವ ತಂತಿ ಎಲ್ಲಿತ್ತು ಎಂಬ ಜಗಳ ಉಳಿಯುವುದಿಲ್ಲ. ಕುಕ್ಕರಿನಲ್ಲಾದರೆ ಕಾಯುವ ತಟ್ಟೆಯ ಅಡಿಗೆ ಬಿಳಿ ಅಥವಾ ಹಳದಿ ಬಣ್ಣದ ಗಾಜಿನ ನಾರಿನ ಕೊಳವೆಯೊಂದು ತಗಡಿನ ಪಟ್ಟಿಯ ಕೆಳಗೆ ಸಿಕ್ಕಿಸಿರುತ್ತದೆ. ಫ್ಯೂಸ್ ಅದರ ಹೊಟ್ಟೆಯಲ್ಲಿದೆ. ಇಸ್ತ್ರಿ ಪೆಟ್ಟಿಗೆಯಲ್ಲಿ ಥರ್ಮೋಸ್ಟಾಟಿನ ಪಕ್ಕದಲ್ಲೇ ಇರುತ್ತದೆ. ಹೇರ್ ಡ್ರೈಯರಿನಲ್ಲಿ ಸುರುಳಿಯ ನಡುವೆ. ಫ್ಯಾನಿನಲ್ಲಿ ಕಾಯಿಲ್ ಕಟ್ಟಿದ ದಾರವನ್ನು ಬ್ಲೇಡಿನಿಂದ ಮೆಲ್ಲಗೆ ಕೊಯ್ದು, ತಾಮ್ರದ ಎಳೆಗೆ ಗೀರು ಬೀಳದಂತೆ ಕೊಳವೆಯನ್ನು ಎಳೆಯಬೇಕು. ಇದಕ್ಕೆ ತಾಳ್ಮೆ ಬೇಕು.

ಮಲ್ಟಿಮೀಟರನ್ನು ಕಂಟಿನ್ಯುಟಿಗೆ ಇಟ್ಟು ಫ್ಯೂಸಿನ ಎರಡೂ ತುದಿ ಮುಟ್ಟಿಸಿ. ಬೀಪ್ ಎಂದರೆ ಫ್ಯೂಸ್ ಬದುಕಿದೆ, ತಪ್ಪು ಬೇರೆಲ್ಲೋ ಇದೆ. ಸದ್ದಿಲ್ಲವೆಂದರೆ ಸತ್ತಿದೆ. ಓಮ್‌ನಲ್ಲಿ ಅಳೆದರೆ ಒಳ್ಳೆಯದು ಸೊನ್ನೆಯ ಹತ್ತಿರ ತೋರಿಸಬೇಕು. ಹತ್ತು, ಇಪ್ಪತ್ತು ಓಮ್ ತೋರಿಸುವ ಫ್ಯೂಸನ್ನೂ ನಂಬಬೇಡಿ.

ಏಕೆ ಹೋಯಿತು?

ಹೊಸದನ್ನು ತರಲು ಓಡುವ ಮುನ್ನ ಇಲ್ಲಿ ಅರ್ಧ ಗಂಟೆ ಕೂರಬೇಕು. ಈ ಅರ್ಧ ಗಂಟೆಯನ್ನು ಉಳಿಸಲು ಹೋಗಿಯೇ ಅಕ್ಕನವರ ಫ್ಯಾನ್ ಹೋದದ್ದು.

ಕುಕ್ಕರಿನಿಂದ ಶುರು ಮಾಡೋಣ. ನಮ್ಮ ಮನೆಯ ಕುಕ್ಕರಿನ ಫ್ಯೂಸ್ ಮೊದಲ ಸಲ ಹೋದಾಗ ತಟ್ಟೆಯ ಮೇಲೆ ಇದ್ದಿಲಾದ ಒಂದೇ ಒಂದು ಅಕ್ಕಿಕಾಳು ಅಂಟಿತ್ತು. ಆ ಕಾಳಿನ ಮೇಲೆ ಬಟ್ಟಲು ಕುಳಿತದ್ದರಿಂದ ತಟ್ಟೆಗೂ ಬಟ್ಟಲಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿದ್ದು, ಶಾಖ ಅನ್ನಕ್ಕೆ ಹೋಗದೆ ತಟ್ಟೆಯಲ್ಲೇ ಉಳಿದಿತ್ತು. ಬಟ್ಟಲನ್ನು ಕೆಳಗೆ ಬೀಳಿಸಿ ತಳ ಸೊಟ್ಟಗಾದರೂ ಇದೇ ಕಥೆ. ನಡುವಿನ ಸ್ಪ್ರಿಂಗ್ ಗುಂಡಿ ಗಂಜಿ ಉಕ್ಕಿ ಒಣಗಿ ಸಿಕ್ಕಿಹಾಕಿಕೊಂಡರೆ, ಅನ್ನ ಆದರೂ ಸ್ವಿಚ್ ಬೀಳುವುದಿಲ್ಲ. ಬೆರಳಿನಿಂದ ಒತ್ತಿ ನೋಡಿ, ಪುಟಿದು ಮೇಲೆ ಬರಬೇಕು.

ಇಸ್ತ್ರಿ ಪೆಟ್ಟಿಗೆಯಲ್ಲಿ ಅಪರಾಧಿ ಬಹುಪಾಲು ಥರ್ಮೋಸ್ಟಾಟ್. ಅದರೊಳಗೆ ಕೂಡಿ ಬಿಡುವ ಪಾಯಿಂಟುಗಳು ಸಾವಿರಾರು ಸಲ ಕಿಡಿ ಹಾರಿಸಿ ಕೊನೆಗೊಂದು ದಿನ ಬೆಸೆದುಕೊಂಡುಬಿಡುತ್ತವೆ. ಪೆಟ್ಟಿಗೆ ತಣ್ಣಗಿರುವಾಗ ಗುಂಡಿಯನ್ನು ತಿರುಗಿಸುತ್ತ ಹೋದರೆ ‘ಟಿಕ್’ ಎಂಬ ಸದ್ದು ಬರಬೇಕು, ಆಫ್ ಜಾಗದಲ್ಲಿ ಮೀಟರ್ ಸುಮ್ಮನಿರಬೇಕು. ಆಫ್‌ನಲ್ಲೂ ಬೀಪ್ ಎಂದರೆ ಥರ್ಮೋಸ್ಟಾಟನ್ನೂ ಬದಲಿಸಿ. ಹಾಗೇ ಬಿಟ್ಟರೆ ಹೊಸ ಫ್ಯೂಸ್ ಹತ್ತು ನಿಮಿಷಕ್ಕೆ ಹೋಗುತ್ತದೆ. ಡೈರೆಕ್ಟ್ ಮಾಡಿದ್ದರೆ ಫ್ಯೂಸ್ ಬದಲು ಇಳಕಲ್ ಸೀರೆ ಹೋಗುತ್ತದೆ.

ಫ್ಯಾನಿನಲ್ಲಿ ಒಣಗಿದ ಬುಶ್, ದುರ್ಬಲವಾದ ಕಂಡೆನ್ಸರ್, ಹಿಂಬದಿಯ ಗಾಳಿಕಿಂಡಿಗೆ ಮೆತ್ತಿದ ಧೂಳು, ಈ ಮೂರೂ ಸಾಮಾನ್ಯ. ರೆಕ್ಕೆಯನ್ನು ಬೆರಳಿನಿಂದ ತಳ್ಳಿದರೆ ಹಲವು ಸುತ್ತು ತಾನಾಗಿ ತಿರುಗಬೇಕು. ಒಂದೂವರೆ ಸುತ್ತಿಗೇ ನಿಂತರೆ ಎಣ್ಣೆ ಕೇಳುತ್ತಿದೆ ಎಂದರ್ಥ. ಕೊಬ್ಬರಿ ಎಣ್ಣೆ ಬಿಡಬೇಡಿ, ಕೆಲವೇ ತಿಂಗಳಲ್ಲಿ ಅಂಟಾಗುತ್ತದೆ.

ವೋಲ್ಟೇಜ್ ಏರಿಳಿತದ ಪಾತ್ರವೂ ದೊಡ್ಡದು. ಒಮ್ಮೆ ರಾತ್ರಿ ಹನ್ನೊಂದರ ಮೇಲೆ ಮೀಟರ್ ಇಟ್ಟು ನೋಡಿದಾಗ ನಮ್ಮ ಮನೆಯ ಸಾಕೆಟ್ಟಿನಲ್ಲಿ 262 ವೋಲ್ಟ್ ಇತ್ತು. ಇರಬೇಕಾದದ್ದು 230. ಎಲಿಮೆಂಟಿನ ಶಾಖ ವೋಲ್ಟೇಜಿನ ವರ್ಗದಂತೆ ಏರುತ್ತದೆ; ಅಂದರೆ 1000 ವಾಟಿನ ಇಸ್ತ್ರಿ ಪೆಟ್ಟಿಗೆ ಆ ಹೊತ್ತಿನಲ್ಲಿ ಸುಮಾರು 1300 ವಾಟಿನದ್ದಾಗಿ ಕಾಯುತ್ತದೆ. ಥರ್ಮೋಸ್ಟಾಟ್ ಕಡಿಯುವಷ್ಟರಲ್ಲಿ ಶಾಖ ಗುರಿ ದಾಟಿ ಮೇಲೆ ಹೋಗಿರುತ್ತದೆ, ಪಾಯಿಂಟಿನ ಕಿಡಿಯೂ ದೊಡ್ಡದು. ವೋಲ್ಟೇಜ್ ತೀರ ಇಳಿದರೆ ಫ್ಯಾನಿಗೆ ಕಷ್ಟ: ಬುಶ್ ಸ್ವಲ್ಪ ಬಿಗಿಯಿದ್ದರೂ ಸಾಕು, ತಿರುಗಲಾರದೆ ಗುಂಯ್‌ಗುಡುತ್ತ ನಿಂತು ಒಳಗೇ ಬೇಯುತ್ತದೆ.

ಕೆಟಲ್ ಇರುವವರಿಗೆ ನಮ್ಮ ಬೋರ್‌ವೆಲ್ ನೀರೇ ಶತ್ರು. ತಳದಲ್ಲಿ ಬಿಳಿ ಸವಳು ಪದರಗಟ್ಟಿ ಶಾಖ ನೀರಿಗೆ ದಾಟುವುದು ಕಡಿಮೆಯಾಗುತ್ತದೆ, ಎಲಿಮೆಂಟ್ ಹೆಚ್ಚು ಕಾಯುತ್ತದೆ. ನಮ್ಮ ಇಂಡಿ ತಾಲೂಕಿನ ನಿಂಬೆಹಣ್ಣು ನಾಲ್ಕೈದು ಹಿಂಡಿ, ನೀರು ಸೇರಿಸಿ ಕುದಿಸಿ, ಒಂದು ಗಂಟೆ ಬಿಟ್ಟು ತೊಳೆಯಿರಿ. ಪದರ ದಪ್ಪಗಿದ್ದರೆ ಎರಡು ಸಲ ಮಾಡಬೇಕಾಗುತ್ತದೆ.

ಇನ್ನೊಂದು ಕಾರಣ ಕಣ್ಣಿಗೆ ಬೀಳುವುದೇ ಕಷ್ಟ: ಸಡಿಲ ಜೋಡಣೆ. ಫ್ಯೂಸಿನ ತಂತಿಯನ್ನು ಬಿಗಿದ ಲಗ್ (ತಂತಿಯ ತುದಿ ಹಿಡಿಯುವ ಲೋಹದ ಕೊಂಡಿ) ಸ್ವಲ್ಪ ಸಡಿಲಾದರೆ ಅಲ್ಲೇ ಶಾಖ ಹುಟ್ಟಿ ತಂತಿಯ ಮೂಲಕ ಫ್ಯೂಸಿನ ಒಳಗೆ ಹೋಗುತ್ತದೆ. ಉಪಕರಣ ಕಾದಿಲ್ಲ, ಫ್ಯೂಸ್ ಮಾತ್ರ ಬೆಂದಿದೆ. ಲಗ್ ಕಪ್ಪಗೋ ನೀಲಿಗೋ ತಿರುಗಿದ್ದರೆ, ಪಕ್ಕದ ಪ್ಲಾಸ್ಟಿಕ್ ಹೊದಿಕೆ ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತಿದ್ದರೆ ಅದೇ ಕಾರಣ. ಬಣ್ಣಗೆಟ್ಟ ತಂತಿಯಷ್ಟನ್ನು ಕತ್ತರಿಸಿ, ಹೊಸ ಲಗ್ ಹಾಕಿ.

ಇದ್ಯಾವುದೂ ಕಾಣಲಿಲ್ಲವೇ? ಹಾಗಾದರೆ ಮುಪ್ಪು. ಕರಗುವ ಡಿಗ್ರಿಗೆ ಹತ್ತಿರದ ಶಾಖದಲ್ಲೇ ವರ್ಷಗಟ್ಟಲೆ ಇದ್ದ ಫ್ಯೂಸಿನ ಗುಳಿಗೆ ಕ್ರಮೇಣ ಸೊರಗಿ, ಒಂದು ದಿನ ಕಾರಣವಿಲ್ಲದೆ ಬಿಟ್ಟುಕೊಡುತ್ತದೆ. ಎಂಟು ಹತ್ತು ವರ್ಷದ ಕುಕ್ಕರಿಗೆ ಈ ತೀರ್ಪು ಒಪ್ಪಬಹುದು. ಆರು ತಿಂಗಳದ್ದಕ್ಕೆ ಒಪ್ಪಬೇಡಿ, ಮತ್ತೆ ಹುಡುಕಿ.

ಮೈಮೇಲಿನ ಸಂಖ್ಯೆ ಓದುವುದು

ಕವಚದ ಮೇಲೆ ಸಣ್ಣ ಅಕ್ಷರಗಳಿರುತ್ತವೆ. ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿ. ಬೇಕಾದದ್ದು ಮೂರು: ಡಿಗ್ರಿ, ಆಂಪಿಯರ್, ವೋಲ್ಟ್. ಟಿ.ಎಫ್. ಎಂಬ ಅಕ್ಷರಗಳ ಮುಂದಿರುವ ಸಂಖ್ಯೆಯೇ ಫ್ಯೂಸ್ ಕಡಿಯುವ ಡಿಗ್ರಿ. ಕುಕ್ಕರುಗಳಲ್ಲಿ 172, 184ರ ಆಸುಪಾಸಿನವು, ಇಸ್ತ್ರಿ ಪೆಟ್ಟಿಗೆಗಳಲ್ಲಿ 240ರ ಹತ್ತಿರದವು, ಫ್ಯಾನುಗಳಲ್ಲಿ 115ರಿಂದ 130ರವು ಹೆಚ್ಚಾಗಿ ಕಾಣಸಿಗುತ್ತವೆ. ಆದರೆ ಇದನ್ನು ನೋಡಿ ಕೊಳ್ಳಬೇಡಿ, ನಿಮ್ಮ ಫ್ಯೂಸಿನ ಮೇಲಿರುವುದನ್ನು ನೋಡಿ ಕೊಳ್ಳಿ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಮಾದರಿಯ ಹೆಸರಿನಲ್ಲಿರುವ ಅಂಕಿ ಮತ್ತು ಟಿ.ಎಫ್. ಅಂಕಿ ಯಾವಾಗಲೂ ಒಂದೇ ಆಗಿರುವುದಿಲ್ಲ. ಎಸ್‌ಎಫ್169ಇ ಎಂಬ ಫ್ಯೂಸಿನ ಟಿ.ಎಫ್. 172. ಅಂಗಡಿಯವರು 169 ಕೇಳಿದವರಿಗೆ ಇಲ್ಲವೆಂದು, 172 ಕೇಳಿದವರಿಗೆ ಇದನ್ನೇ ಕೊಟ್ಟು ಕಳಿಸುವುದುಂಟು.

ಬದಲಿಗೆ ನಿಯಮ ಹೀಗೆ. ಡಿಗ್ರಿ ಅದೇ ಇರಬೇಕು. ಆಂಪಿಯರ್ ಮತ್ತು ವೋಲ್ಟ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಿಮೆ ಇರಬಾರದು. 10 ಆಂಪಿಯರ್ ಇದ್ದಲ್ಲಿಗೆ 15 ಆಂಪಿಯರ್ ಹಾಕಿದರೆ ತೊಂದರೆಯಿಲ್ಲ, ಅದು ನೋಡುವುದು ಶಾಖವನ್ನಲ್ಲವೇ. ಫ್ಯಾನಿನ 2 ಆಂಪಿಯರ್ ಫ್ಯೂಸನ್ನು ಹೀಟರಿಗೆ ಹಾಕಿದರೆ ಮಾತ್ರ ಅಪಾಯ: 2000 ವಾಟಿನ ಹೀಟರ್ ಎಳೆಯುವುದೇ ಹತ್ತಿರ ಹತ್ತಿರ 9 ಆಂಪಿಯರ್. ಸಂಖ್ಯೆ ಅಳಿಸಿಹೋಗಿದ್ದರೆ ಸರ್ವಿಸ್ ಸೆಂಟರಿನಲ್ಲಿ ಮಾದರಿ ಸಂಖ್ಯೆ ಹೇಳಿ ಕೇಳಿ, ಇಲ್ಲವೇ ಅದೇ ಮಾದರಿಯ ಇನ್ನೊಂದು ಉಪಕರಣವನ್ನು ಬಿಚ್ಚಿ ನೋಡಿ. ಎರಡರ ನಡುವೆ ಅನುಮಾನ ಉಳಿದರೆ ಕಡಿಮೆ ಡಿಗ್ರಿಯದ್ದನ್ನು ಆರಿಸಿ. ತಪ್ಪಾದರೆ ಹೋಗುವುದು ಒಂದು ಫ್ಯೂಸ್ ಅಷ್ಟೇ.

ಎಲ್ಲಿ ಸಿಗುತ್ತದೆ?

ವಿಜಯಪುರದಲ್ಲಿ ಗಾಂಧಿ ಚೌಕದ ಸುತ್ತಮುತ್ತ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಗಳಿಗೆ ಕೊರತೆಯಿಲ್ಲ. ಆದರೆ ವೈರ್, ಸ್ವಿಚ್ ಮಾರುವ ದೊಡ್ಡ ಅಂಗಡಿಯಲ್ಲಿ ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ಹೋಗಬೇಕಾದದ್ದು ಎರಡು ಕಡೆ. ಫ್ಯಾನಿನದ್ದಾದರೆ ಮೋಟಾರ್ ವೈಂಡಿಂಗ್ ಸಾಮಾನು ಮಾರುವವರ ಹತ್ತಿರ. ತಾಮ್ರದ ತಂತಿ, ಸ್ಲೀವ್, ಬುಶ್ ಜೊತೆಗೆ ಇದನ್ನೂ ಇಟ್ಟಿರುತ್ತಾರೆ. ಕುಕ್ಕರು, ಇಸ್ತ್ರಿ ಪೆಟ್ಟಿಗೆಯದ್ದಾದರೆ ಮಿಕ್ಸರ್ ಜಾರ್, ಬ್ಲೇಡು, ಗ್ಯಾಸ್ಕೆಟ್ ತೂಗುಹಾಕಿಕೊಂಡಿರುವ ಸ್ಪೇರ್ ಪಾರ್ಟ್ ಅಂಗಡಿ. ಹಳೆಯದನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ.

“ಯಾವುದಕ್ಕೆ ಹಾಕುತ್ತೀರಿ ಕಾಕಾ?” ಎಂದು ಕೇಳುತ್ತಾರೆ. “ಕುಕ್ಕರಿಗೆ” ಎಂದರೆ ಡಬ್ಬಿಯಿಂದ ಒಂದನ್ನು ತೆಗೆದು ಕೊಡುತ್ತಾರೆ. ಅಲ್ಲೇ ನಿಂತು ಸಂಖ್ಯೆ ಓದಿ. “ಎಲ್ಲಾ ಒಂದೇ ರೀ, ನಡೆಯುತ್ತದೆ” ಎಂದರೆ ಮುಂದಿನ ಅಂಗಡಿಗೆ ನಡೆಯಿರಿ. ಸೊಲ್ಲಾಪುರಕ್ಕೋ ಬೆಂಗಳೂರಿಗೋ ಹೋಗುವವರಿದ್ದರೆ ಅವರಿಗೆ ಚೀಟಿ ಬರೆದುಕೊಡಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಡಿಗ್ರಿ ಹೇಳಿ ಕೇಳಿದರೆ ಸಿಗುತ್ತದೆ. ಆನ್‌ಲೈನಿನಲ್ಲಿ ಐದು, ಹತ್ತರ ಕಟ್ಟುಗಳಲ್ಲಿ ಬರುತ್ತವೆ.

ಕಟ್ಟಿನಲ್ಲಿ ತರಿಸಿದಾಗ ನಾನು ಒಂದನ್ನು ಬಲಿ ಕೊಡುತ್ತೇನೆ. ಸಣ್ಣ ಬಾಣಲೆಯಲ್ಲಿ ಶೇಂಗಾ ಎಣ್ಣೆ, ಅದರಲ್ಲಿ ಅಡುಗೆಯ ಥರ್ಮಾಮೀಟರ್, ಉದ್ದ ತಂತಿಗೆ ಹೊಸೆದ ಫ್ಯೂಸ್, ಆಚೆ ತುದಿಗೆ ಮಲ್ಟಿಮೀಟರ್ ಮಾತ್ರ. ಸಣ್ಣ ಉರಿಯಲ್ಲಿ ನಿಧಾನವಾಗಿ ಏರಿಸಿದರೆ, ಒಳ್ಳೆಯ ಫ್ಯೂಸ್ ಮೈಮೇಲಿನ ಸಂಖ್ಯೆಗಿಂತ ಹತ್ತು ಡಿಗ್ರಿ ಕೆಳಗಿನಿಂದ ಆ ಸಂಖ್ಯೆಯವರೆಗೆ ಎಲ್ಲಾದರೂ ಬೀಪ್ ನಿಲ್ಲಿಸುತ್ತದೆ. ಸಂಖ್ಯೆ ದಾಟಿ ಸಾಕಷ್ಟು ಮೇಲೆ ಹೋದರೂ ಬೀಪ್ ಎನ್ನುತ್ತಿದ್ದರೆ ಇಡೀ ಕಟ್ಟು ಕಸಕ್ಕೆ. 190 ಡಿಗ್ರಿ ಮೇಲಿನವಕ್ಕೆ ಇದನ್ನು ಮಾಡಬೇಡಿ, ಮಕ್ಕಳು ಅಡುಗೆಮನೆಯಲ್ಲಿರುವಾಗಲಂತೂ ಬೇಡವೇ ಬೇಡ.

ಗುಜರಿ ಕುಕ್ಕರಿನಿಂದ ಕಿತ್ತ ಫ್ಯೂಸ್ ಹಾಕುವವರಿದ್ದಾರೆ. ಅದರ ಆಯಸ್ಸು ಎಷ್ಟು ಸವೆದಿದೆಯೋ ಯಾರಿಗೆ ಗೊತ್ತು. ಹೊಸದು ಒಂದೆರಡು ಚಹಾದ ಬೆಲೆಗೆ ಸಿಗುವಾಗ ಈ ಜಿಪುಣತನವೇಕೆ?

ಹಾಕುವ ಬಗೆ

ಬೆಸುಗೆ ಹಾಕಬೇಡಿ. ಈ ಪಾಠ ನನಗೆ ಮೂರು ಫ್ಯೂಸುಗಳ ಬೆಲೆಗೆ ಬಂತು. ಅಚ್ಚುಕಟ್ಟಾಗಿ ಬೆಸುಗೆ ಹಾಕಿ, ಮುಚ್ಚಳ ಮುಚ್ಚಿ, ಪ್ಲಗ್ ಹಾಕಿದರೆ ಕುಕ್ಕರ್ ಉಸಿರೆತ್ತಲಿಲ್ಲ. ಬೆಸುಗೆಯ ಕಡ್ಡಿಯ ತುದಿ ಮುನ್ನೂರು ಡಿಗ್ರಿಗೂ ಮೇಲೆ ಇರುತ್ತದೆ. ಆ ಶಾಖ ತಂತಿಯಲ್ಲಿ ಹರಿದು 172ರ ಫ್ಯೂಸನ್ನು ಹಾಕುವಾಗಲೇ ಕೊಂದಿತ್ತು. ಪೆದ್ದನಂತೆ ಇನ್ನೆರಡನ್ನೂ ಹಾಗೇ ಕೊಂದ ಮೇಲೆ ಬುದ್ಧಿ ಬಂತು.

ಸರಿಯಾದ ದಾರಿ ಕ್ರಿಂಪಿಂಗ್. ಎರಡು ತಂತಿಗಳನ್ನು ಲೋಹದ ಸಣ್ಣ ಕೊಳವೆಯೊಳಗೆ ಎದುರುಬದುರು ತೂರಿಸಿ, ಕ್ರಿಂಪಿಂಗ್ ಪ್ಲಾಯರಿನಿಂದ ಒತ್ತುವುದು. ಒತ್ತಿದ ಮೇಲೆ ಎಳೆದು ನೋಡಿ, ಜಾರಬಾರದು. ಸಡಿಲ ಜೋಡಣೆ ಏನು ಮಾಡುತ್ತದೆ ಎಂದು ಮೇಲೆ ನೋಡಿದಿರಲ್ಲ. ತಂತಿಯನ್ನು ಬಗ್ಗಿಸಬೇಕಿದ್ದರೆ ಕವಚದ ಬುಡದಲ್ಲಿ ಬಗ್ಗಿಸಬೇಡಿ. ಕವಚ ಮತ್ತು ಬಾಗಿನ ನಡುವೆ ಪ್ಲಾಯರಿನಲ್ಲಿ ಹಿಡಿದು, ಕೆಲವು ಮಿಲಿಮೀಟರ್ ದೂರದಲ್ಲಿ ಬಗ್ಗಿಸಿ. ಬುಡ ಮುರಿದರೆ ಒಳಗಿನ ಅಂಟು ಬಿರಿದು ಗಾಳಿ ಸೇರುತ್ತದೆ. ಫ್ಯಾನಿನ ಕೂದಲಿನಂಥ ತಂತಿಗೆ ಬೆಸುಗೆ ಅನಿವಾರ್ಯವಾದರೆ ಮೊದಲು ಅದರ ವಾರ್ನಿಷ್ ಕೆರೆಯಿರಿ, ಫ್ಯೂಸಿನ ತಂತಿಯನ್ನು ಉದ್ದವಾಗಿ ಬಿಡಿ, ಫ್ಯೂಸಿಗೂ ಬೆಸುಗೆಗೂ ನಡುವೆ ಪ್ಲಾಯರ್ ಕಚ್ಚಿಸಿ, ಮೂರೇ ಸೆಕೆಂಡಿನಲ್ಲಿ ಮುಗಿಸಿ.

ಹೊದಿಕೆಗೆ ಗಾಜಿನ ನಾರಿನ ಸ್ಲೀವ್ (ಕೊಳವೆ) ಮಾತ್ರ ಬಳಸಬೇಕು, ಪ್ಲಾಸ್ಟಿಕ್ ಟೇಪ್ ಆ ಶಾಖಕ್ಕೆ ಕರಗಿ ಜಿನುಗುತ್ತದೆ. ಹಳೆಯ ಸ್ಲೀವ್ ಹರಿಯದಿದ್ದರೆ ಅದನ್ನೇ ಮತ್ತೆ ತೊಡಿಸಬಹುದು. ಫ್ಯೂಸ್ ಮೊದಲಿದ್ದ ಜಾಗದಲ್ಲೇ, ಅದೇ ಪಟ್ಟಿಯ ಕೆಳಗೆ ಕೂರಬೇಕು. ಒಂದು ಅಂಗುಲ ದೂರ ಸರಿಸಿದರೆ ಅದಕ್ಕೆ ಶಾಖದ ಸುದ್ದಿ ತಡವಾಗಿ ಮುಟ್ಟುತ್ತದೆ.

ಮುಚ್ಚಳ ಹಾಕಿದ ಮೇಲೆ ಪ್ಲಗ್ಗಿನ ಎರಡು ಕರೆಂಟ್ ಪಿನ್ನುಗಳಿಗೂ ಉಪಕರಣದ ಲೋಹದ ಮೈಗೂ ನಡುವೆ ಮೀಟರ್ ಇಟ್ಟು ನೋಡಿ, ಅತಿ ದೊಡ್ಡ ಓಮ್ ಅಳತೆಯಲ್ಲೂ ಏನೂ ತೋರಿಸಬಾರದು. ತೋರಿಸಿದರೆ ಮತ್ತೆ ಬಿಚ್ಚಿ, ಎಲ್ಲೋ ತಂತಿ ತಾಗಿದೆ. ಸೀರೀಸ್ ಬಲ್ಬಿನ ಬೋರ್ಡ್ (ಕರೆಂಟ್ ಮೊದಲು ಒಂದು ಬಲ್ಬಿನ ಮೂಲಕ ಹಾದು ಉಪಕರಣಕ್ಕೆ ಬರುವಂಥದ್ದು) ಇದ್ದರೆ ಮೊದಲ ಸಲ ಅದರ ಮೂಲಕ ಹಚ್ಚಿ. ಆಮೇಲೆ ನೇರ ಸಾಕೆಟ್ಟಿಗೆ ಹಾಕಿ ಪಕ್ಕದಲ್ಲೇ ಕುಳಿತಿರಿ. ಇಸ್ತ್ರಿ ಪೆಟ್ಟಿಗೆಯ ದೀಪ ಆರಿ ಹತ್ತಿ ಆರುವುದನ್ನು ನಾಲ್ಕೈದು ಸಲ ನೋಡಿ. ಕುಕ್ಕರಿನಲ್ಲಿ ಒಂದು ಲೋಟ ಅನ್ನ ಮಾಡಿ, ಸ್ವಿಚ್ ತಾನಾಗಿ ಬೀಳುವವರೆಗೆ ಏಳಬೇಡಿ.

ಕೊನೆಯ ಸ್ಕ್ರೂ ಬಿಗಿಯುವ ಮುನ್ನ ಮುಚ್ಚಳದ ಒಳಮೈಗೆ, ಶಾಖ ತಾಗದ ಮೂಲೆಯಲ್ಲಿ, ಒಂದು ಚೀಟಿ ಅಂಟಿಸಿ: ತಾರೀಖು, ಡಿಗ್ರಿ, ಆಂಪಿಯರ್, ಹೋಗಿದ್ದ ಕಾರಣ. ನಮ್ಮ ಕುಕ್ಕರಿನೊಳಗೆ ಈಗ ಎರಡು ಚೀಟಿಗಳಿವೆ. ಮೊದಲನೆಯದರಲ್ಲಿ ‘ಅಕ್ಕಿಕಾಳು’ ಎಂದಿದೆ. ಎರಡನೆಯದರಲ್ಲಿ ‘ಬಟ್ಟಲಿನ ತಳ ಸೊಟ್ಟ’ ಎಂದು ಬರೆದು, ಬೀಳಿಸಿದವರ ಹೆಸರಿನ ಮೊದಲಕ್ಷರವನ್ನು ಮಗಳು ಪೆನ್ಸಿಲಿನಲ್ಲಿ ಸೇರಿಸಿದ್ದಾಳೆ. ಅದು ನನ್ನದೇ.